ದಾವಣಗೆರೆಗೆ ಇತಿಹಾಸ ಇಲ್ಲ ಅನ್ನೋರು ಒಂದ್ಸಲ ಮನೆ ಅಟ್ಟ ಹತ್ತಿ ನೋಡ್ರಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಾಚಕರ ಪತ್ರದ ಕಾಲಂನಲ್ಲಿ ಒಬ್ಬರು ಬರೆದಿದ್ರು, ದಾವಣಗೆರೆಗೆ ಅಂತ ಇತಿಹಾಸಾನೇ ಇಲ್ಲ, ಇರೋದೆಲ್ಲ ಚಿತ್ರದುರ್ಗದ್ದು, ನಮ್ದೇನಿದ್ರೂ ಮಂಡಿ, ಮಿಲ್ಲು, ಬೆಣ್ಣೆ ದೋಸೆ ಅಷ್ಟೇ ಅಂತ. ಓದಿ ಬೇಜಾರಾಯ್ತು. ಬರೆದವರ ಮೇಲೆ ಸಿಟ್ಟೇನಿಲ್ಲ, ಊರಲ್ಲಿ ಮುಕ್ಕಾಲು ಪಾಲು ಜನ ಹಿಂಗೇ ಅಂದ್ಕೊಂಡಿದ್ದಾರೆ, ನಮ್ಮ ಸ್ಕೂಲ್ ಮಕ್ಕಳಂತೂ ಊರಿನ ಬಗ್ಗೆ ಒಂದು ಪುಟ ಬರ್ಕೊಂಡು ಬರ್ರಿ ಅಂದ್ರೆ ಮೊಬೈಲ್ ನೋಡಿ ಅದೇ ನಾಲ್ಕು ಸಾಲು ಬರ್ಕೊಂಡು ಬರ್ತಾರೆ. ಆದ್ರೆ ಆ ಮಾತು ಸುಳ್ಳು, ಸುಳ್ಳು ಅಂತ ತೋರಿಸೋ ಕಾಗದ ಪತ್ರ ನಮ್ಮ ಏರಿಯಾದ ವಾಚನಾಲಯದ ಎರಡು ಬೀರುವಿನಲ್ಲಿ ಇದೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕ್ರಿ.

ದುರ್ಗದ ಇತಿಹಾಸ ಕಲ್ಲಿಂದು. ಕೋಟೆ ಕಣ್ಣಿಗೆ ಕಾಣುತ್ತೆ, ಚಂದ್ರವಳ್ಳಿಯಲ್ಲಿ ಮಯೂರವರ್ಮನ ಶಾಸನ ಬಂಡೆ ಮೇಲೇ ಇದೆ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಅಶೋಕನ ಶಾಸನಗಳನ್ನ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡೋವರೆಗೂ ಎರಡು ಸಾವಿರ ವರ್ಷದ ಮೇಲೆ ಬಿಸಿಲು ಮಳೆಗೆ ಸುಮ್ನೆ ಬಿದ್ದಿದ್ವು, ಏನೂ ಆಗ್ಲಿಲ್ಲ. ಕಲ್ಲು ಕಾಯುತ್ತೆ. ನಮ್ಮಲ್ಲೂ ಕಲ್ಲಿನದು ಇಲ್ಲ ಅಂತಲ್ಲ, ಆನೆಕೊಂಡದ ಈಶ್ವರ ಗುಡಿ ಇದೆ, ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿ ಇದೆ, ಸಂತೇಬೆನ್ನೂರಿನ ಪುಷ್ಕರಣಿ ಇದೆ. ಆದ್ರೆ ದಾವಣಗೆರೆ ಪೇಟೆ ಬೆಳೆದಿದ್ದು ವ್ಯಾಪಾರದಿಂದ. ಹೈದರಾಲಿ ಈ ಊರನ್ನ ಅಪೋಜಿ ರಾಮ್ ಅನ್ನೋ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಆತ ವ್ಯಾಪಾರಸ್ಥರನ್ನ ಕರೆದು ಇಲ್ಲಿ ಕೂರಿಸಿದ ಅಂತ ಹಳೇ ಗೆಜೆಟಿಯರ್‌ನಲ್ಲೇ ಇದೆ. ಆಮೇಲೆ ಹತ್ತಿ ಬಂತು, ಜಿನ್ನಿಂಗ್ ಫ್ಯಾಕ್ಟರಿ ಬಂದ್ವು, ಮಿಲ್ಲು ಬಂದ್ವು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂತು, ಮಿಲ್ಲಿನ ಜೊತೆ ಕಾರ್ಮಿಕರ ಸಂಘ ಬಂತು, ಹೋರಾಟ ಬಂತು, ಕಾಮ್ರೇಡ್ ಪಂಪಾಪತಿ ಅಂಥೋರು ಶಾಸಕರಾದ್ರು, ಇನ್ನೊಂದು ಕಡೆ ಚಿಂದೋಡಿ ವೀರಪ್ಪನವರ ಕೆಬಿಆರ್ ಡ್ರಾಮಾ ಕಂಪನಿ, ಅದೇ ಮನೆತನದಿಂದ ಪದ್ಮಶ್ರೀ ಚಿಂದೋಡಿ ಲೀಲಾ. ಇದ್ಯಾವುದೂ ಬಂಡೆ ಮೇಲೆ ಕೆತ್ತಿಲ್ಲ. ಎಲ್ಲಾ ಇರೋದು ಕಾಗದದಲ್ಲಿ. ಕಿರ್ದಿ ಪುಸ್ತಕ, ಖಾತೆ ಪುಸ್ತಕ, ಹಾಜರಿ ಕಾರ್ಡು, ಸಂಘದ ಕರಪತ್ರ, ನಾಟಕದ ಹ್ಯಾಂಡ್‌ಬಿಲ್, ಗ್ರೂಪ್ ಫೋಟೋ, ಜೈಲಿಂದ ಮನೆಗೆ ಬರೆದ ಕಾರ್ಡು. ಕಾಗದ ಕಲ್ಲಿನ ಹಂಗೆ ಕಾಯಲ್ಲ. ಗೆದ್ದಲು ತಿನ್ನುತ್ತೆ, ಇಲಿ ತಿನ್ನುತ್ತೆ, ಅವೆರಡೂ ಬಿಟ್ರೂ ಯುಗಾದಿಗೆ ಸುಣ್ಣ ಬಳಿಯೋವಾಗ ನಾವೇ ಗುಜರಿಗೆ ಹಾಕ್ತೀವಿ.

ನಾನು ನೋಡಿದ್ದು ಹೇಳ್ತೀನಿ. ಒಂದು ಹಳೇ ಸಂಸ್ಥೆ, ಹೆಸರು ಬೇಡ, ಕಟ್ಟಡ ರಿಪೇರಿ ಅಂತ ಹಿಂದಿನ ರೂಮಿನಲ್ಲಿದ್ದ ಹಳೇ ರಿಜಿಸ್ಟರ್‌ಗಳನ್ನೆಲ್ಲ ಕೆಜಿ ಲೆಕ್ಕದಲ್ಲಿ ತೂಕಕ್ಕೆ ಹಾಕಿದ್ರು. ಗೊತ್ತಾಗಿ ನಮ್ಮ ಹುಡುಗರು ಗುಜರಿ ಅಂಗಡಿಗೆ ಓಡಿದ್ರು, ಸಿಕ್ಕಿದ್ದು ಒಂದು ಮೂಟೆ, ಉಳಿದಿದ್ದು ಅಷ್ಟೊತ್ತಿಗೆ ಲಾರಿ ಹತ್ತಿ ಪೇಪರ್ ಮಿಲ್ಲಿಗೆ ಹೋಗಿತ್ತು. ಆ ಒಂದು ಮೂಟೆಗೆ ಗುಜರಿಯವರು ದುಡ್ಡೇ ತಗೊಳ್ಳಲಿಲ್ಲ, ಹೀಗಂತ ಮೊದಲೇ ಹೇಳಿದ್ರೆ ತೆಗೆದಿಡ್ತಿದ್ನಲ್ಲಪ್ಪಾ ಅಂದ್ರು ಪಾಪ. ಈಗ ಆ ಸಾಬರು ಹಳೇ ಕೈಬರಹದ ಪುಸ್ತಕ, ಹಳೇ ಫೋಟೋ ಏನೇ ಬಂದ್ರೂ ಬೇರೆ ಇಟ್ಟು ಫೋನ್ ಮಾಡ್ತಾರೆ. ಊರಿನ ಚರಿತ್ರೆ ಉಳಿಸೋದ್ರಲ್ಲಿ ಅವರ ಪಾಲು ಎಷ್ಟು ದೊಡ್ಡದು ಅಂತ ಇಲ್ಲಿ ದಾಖಲಾಗ್ಲಿ ಅಂತಾನೇ ಬರೆದೆ.

ವಾಚನಾಲಯದ ಬಗ್ಗೆ ಹೇಳಬೇಕು. ಅದೇನು ದೊಡ್ಡದಲ್ಲ, ಏರಿಯಾದವರೇ ಸೇರಿ ನಡೆಸ್ತಿರೋದು, ಮುಂದೆ ಪೇಪರ್ ಓದೋ ಹಾಲು, ಹಿಂದೆ ಒಂದು ಸಣ್ಣ ರೂಮು. ಆ ರೂಮಿನಲ್ಲೇ ‘ನಮ್ಮೂರ ಸಂಗ್ರಹ’ ಅಂತ ಎರಡು ಗೋದ್ರೇಜ್ ಬೀರು. ಒಂದನ್ನ ನಿವೃತ್ತ ಮೇಷ್ಟ್ರೊಬ್ಬರು ಕೊಟ್ಟಿದ್ದು, ಇನ್ನೊಂದು ಚಂದಾ ಎತ್ತಿ ತಂದಿದ್ದು. ಒಳಗಿರೋದನ್ನ ಯಾರು ಬೇಕಾದ್ರೂ ಬಂದು ನೋಡಬಹುದು, ಮನೆಗೆ ಕೊಡಲ್ಲ, ಅಲ್ಲೇ ಟೇಬಲ್ ಮೇಲೆ ನೋಡಬೇಕು, ಪೆನ್ನು ಬಿಡಲ್ಲ, ಬರ್ಕೊಳ್ಳೋಕೆ ಪೆನ್ಸಿಲ್ ನಾವೇ ಕೊಡ್ತೀವಿ.

ಒಂದು ಹ್ಯಾಂಡ್‌ಬಿಲ್ ಬಗ್ಗೆ ಹೇಳ್ತೀನಿ ಕೇಳ್ರಿ. ಗುಲಾಬಿ ಬಣ್ಣದ ತೆಳು ಪೇಪರ್ರು, ಮಡಚಿದ ಕಡೆ ಹರಿದಿದೆ, ಕಾಲಲ್ಲಿ ತುಳಿದು ನಡೆಸೋ ಟ್ರೆಡಲ್ ಮಷಿನ್ನಲ್ಲಿ ಅಚ್ಚಾಗಿದ್ದು, ಅಚ್ಚಿನ ಮೊಳೆ ಒತ್ತಿದ್ದು ಹಿಂದುಗಡೆ ಕೈ ಆಡಿಸಿದ್ರೆ ಈಗಲೂ ಬೆರಳಿಗೆ ತಟ್ಟುತ್ತೆ. ನಾಟಕ ಮಾರ್ಚ್ 14 ಶನಿವಾರ ರಾತ್ರಿ ಅಂತ ಇದೆ, ಇಸವಿ ಇಲ್ಲ. ಹ್ಯಾಂಡ್‌ಬಿಲ್‌ನಲ್ಲಿ ಇಸವಿ ಯಾರು ಹಾಕ್ತಾರೆ, ನಾಳೆ ನಾಟಕಕ್ಕೆ ಬರ್ರಿ ಅನ್ನೋಕೆ ಇಸವಿ ಯಾಕೆ ಬೇಕು. ಹಂಗಾದ್ರೆ ಯಾವ ಕಾಲದ್ದು ಅಂತ ಗೊತ್ತಾಗೋದು ಹೆಂಗೆ? ನಮ್ಮಲ್ಲಿಗೆ ಬರೋ ಡಿಗ್ರಿ ಓದೋ ಹುಡುಗಿ ಒಬ್ಬಳು ಕೂತು ಲೆಕ್ಕ ಹಾಕಿದ್ಲು. ಮಾರ್ಚ್ 14 ಶನಿವಾರ ಬಂದಿದ್ದು 1931, 1936, 1942, 1953, 1959, 1964ರಲ್ಲಿ. ಟಿಕೆಟ್ ರೇಟು ಆಣೆಯಲ್ಲಿದೆ, ಹೊಸ ಪೈಸೆ ಬಂದಿದ್ದು 1957ರ ಏಪ್ರಿಲ್ 1ಕ್ಕೆ, ಅಲ್ಲಿಗೆ ಕೊನೇವೆರಡು ಹೋದ್ವು. ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು ಇದೆ. ಅದು ಇರಲೇಬೇಕು, ಮುದ್ರಿಸಿದವರ ಹೆಸರು ಊರು ಹಾಕಬೇಕು ಅಂತ 1867ರ ಪ್ರೆಸ್ ಕಾಯ್ದೆಯಲ್ಲೇ ಇತ್ತು. ಆ ಪ್ರೆಸ್ಸಿನ ಮನೆಯವರನ್ನ ಹುಡುಕಿ ಕೇಳಿದ್ರೆ ಸ್ವಾತಂತ್ರ್ಯ ಬಂದ ಮೇಲೆ ನಮ್ಮಪ್ಪ ಶುರು ಮಾಡಿದ್ದು ಅಂದ್ರು. ಉಳಿದಿದ್ದು 1953 ಒಂದೇ. ಒಂದು ರದ್ದಿ ಕಾಗದ ಅನ್ನಿಸಿಕೊಂಡಿದ್ದು ತಾರೀಖಿನ ಸಮೇತ ದಾಖಲೆ ಆಯ್ತು, ಜೊತೆಗೆ ಆ ವರ್ಷ ಊರಲ್ಲಿ ಟಿಕೆಟ್ ಎಷ್ಟಿತ್ತು, ಹೆಂಗಸರಿಗೆ ಬೇರೆ ಜಾಗ ಇತ್ತಾ, ನಾಟಕ ಎಷ್ಟೊತ್ತಿಗೆ ಶುರುವಾಗ್ತಿತ್ತು ಎಲ್ಲಾ ಸಿಕ್ತು. ಆ ಹುಡುಗಿ ಇತಿಹಾಸದ ಸ್ಟೂಡೆಂಟ್ ಅಲ್ಲ, ಬಿಕಾಂ.

ಇದನ್ನ ಯಾಕೆ ಇಷ್ಟು ವಿವರವಾಗಿ ಹೇಳಿದೆ ಅಂದ್ರೆ, ಕಾಗದ ಸಿಗೋದು ಅರ್ಧ ಕೆಲಸ ಅಷ್ಟೇ. ಅದರ ಜೊತೆ ಮಾಹಿತಿ ಸೇರಿದ್ರೆ ಮಾತ್ರ ಅದು ಇತಿಹಾಸ. ಹ್ಯಾಂಡ್‌ಬಿಲ್‌ಗಾದ್ರೆ ಲೆಕ್ಕ ಹಾಕಿ ಇಸವಿ ಹಿಡಿಯಬಹುದು. ಫೋಟೋಗೆ ಆಗಲ್ಲ. ನಮ್ಮ ಹತ್ರ ಒಂದು ಮಿಲ್ ಗೇಟ್ ಮುಂದೆ ತೆಗೆಸಿದ ಗ್ರೂಪ್ ಫೋಟೋ ಇದೆ, ಮೂರು ಸಾಲು ಜನ, ಮುಂದಿನ ಸಾಲು ನೆಲದ ಮೇಲೆ ಕೂತಿದೆ, ಹಾರ ಹಾಕ್ಕೊಂಡಿರೋ ಒಬ್ಬರು ಮಧ್ಯ ಕುರ್ಚಿ ಮೇಲೆ, ಬಲಗಡೆ ತುದಿಯಲ್ಲಿ ಸೆರಗು ತಲೆ ಮೇಲೆ ಹೊದ್ದ ನಾಲ್ಕೈದು ಹೆಂಗಸರು. ಹಿಂದೆ ತಿರುಗಿಸಿದ್ರೆ ಸ್ಟುಡಿಯೋ ಸೀಲು ಬಿಟ್ಟು ಏನೂ ಇಲ್ಲ. ಯಾವ ಮಿಲ್ಲು, ಯಾವ ವರ್ಷ, ಯಾರು, ಒಂದೂ ಇಲ್ಲ. ಬಹಳ ದಿನ ಹಂಗೇ ಬಿದ್ದಿತ್ತು.

ಆಮೇಲೆ ಪೇಪರ್ ಓದೋಕೆ ಬರೋ ಒಬ್ಬರು ತಮ್ಮ ತಾಯಿನ ಕರ್ಕೊಂಡು ಬಂದ್ರು, ಅವರು ಮಿಲ್ಲಿನ ರೀಲಿಂಗ್ ಖಾತೆಯಲ್ಲಿ, ಅಂದ್ರೆ ನೂಲು ಸುತ್ತೋ ವಿಭಾಗದಲ್ಲಿ, ಕೆಲಸ ಮಾಡಿದವರು, ಎಂಬತ್ತು ದಾಟಿದೆ, ಕಣ್ಣು ಮಂಜು. ಕಿಟಕಿ ಹತ್ರ ಕೂರಿಸಿ ಫೋಟೋ ಕೈಗೆ ಕೊಟ್ವಿ. ಸ್ವಲ್ಪ ಹೊತ್ತು ಸುಮ್ನೆ ನೋಡಿದ್ರು, ಆಮೇಲೆ ಬೆರಳಿಟ್ಟು ಶುರು ಮಾಡಿದ್ರು ನೋಡ್ರಿ. ‘ಇಕಿ ನಮ್ ರೀಲಿಂಗ್‌ನಾಕಿ, ಕೂಸಿನ್ನ ತೊಟ್ಲಾಗ ಬಿಟ್ಟು ಬರ್ತಿದ್ಲು. ಇವ ಬ್ಲೋ ರೂಮ್‌ನವ, ಮೈತುಂಬ ಅರಳೆ, ಮನಿಗೆ ಹೋದ್ರ ಮಕ್ಳು ಅಂಜ್ತಿದ್ವು. ಹಾರ ಹಾಕ್ಕೊಂಡಾನಲ್ಲ, ಅವ ರಿಟೈರ್ ಆದ ಮೇಸ್ತ್ರಿ, ಸೌಕಾರ ಅಲ್ಲ ಅವ.’ ನಾವೆಲ್ಲ ಅಷ್ಟು ದಿನ ಅವರು ಮಿಲ್ ಮಾಲೀಕರು ಅಂದ್ಕೊಂಡಿದ್ವಿ! ‘ಅಜ್ಜಿ, ನೀವು ಎಲ್ಲಿದ್ದೀರಿ ಇದ್ರಾಗೆ’ ಅಂತ ಕೇಳಿದ್ವಿ. ‘ನಾನು ಅವತ್ತು ರಾತ್ರಿ ಪಾಳಿ ತಮ್ಮಾ, ಫೋಟೋಕ್ಕ ಎಬ್ಬಿಸ್ಲಿಲ್ಲ’ ಅಂದ್ರು.

ಅವರು ಹೇಳಿದ್ದನ್ನೆಲ್ಲ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಂಡು, ಫೋಟೋ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ತಲೆಗಳ ಗೆರೆ ಎಳೆದು ನಂಬರ್ ಹಾಕಿ ಹೆಸರು ಬರೆದ್ವಿ. ಮೂರು ಸಾಲಲ್ಲಿ ಅರ್ಧದಷ್ಟು ಜನಕ್ಕೂ ಹೆಸರು ಸಿಗಲಿಲ್ಲ. ಉಳಿದವರನ್ನ ಗುರುತಿಸೋರು ಊರಲ್ಲಿ ಇನ್ನೂ ಇರಬಹುದು, ಆದ್ರೆ ಎಷ್ಟು ದಿನ? ನಾನು ಹೇಳಬೇಕಂತಿರೋ ಮುಖ್ಯ ಮಾತು ಇದೇ ಸಂಪಾದಕರೇ. ಫೋಟೋ ಬೀರುವಿನಲ್ಲಿ ಇನ್ನೂ ಐವತ್ತು ವರ್ಷ ಇರುತ್ತೆ. ಆದ್ರೆ ಅದರಲ್ಲಿರೋರು ಯಾರು ಅಂತ ಹೇಳೋ ಹಿರಿಯರು ಈಗ ಇರೋರೇ ಕೊನೆ. ಹಂಗಾಗಿ ಮೊದಲು ಕಾಗದ ಎಲ್ಲಾ ಕೂಡಿಸೋಣ, ಪಟ್ಟಿ ನಿಧಾನಕ್ಕೆ ಮಾಡೋಣ ಅನ್ನೋದು ತಪ್ಪು ಲೆಕ್ಕ. ಹಿರಿಯರನ್ನ ಮೊದಲು ಕೂರಿಸಬೇಕು, ಹೆಸರು ಮೊದಲು ಬರೀಬೇಕು.

ನಮ್ಮ ಜಿಲ್ಲೆಗೆ ಇದು ಬೇರೆ ಕಡೆಗಿಂತ ಹೆಚ್ಚು ಯಾಕೆ ಬೇಕು ಅಂತಾನೂ ಹೇಳ್ತೀನಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದ್ವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಬಳ್ಳಾರಿ ಜಿಲ್ಲೆ 1953ರವರೆಗೆ ಮೈಸೂರು ರಾಜ್ಯದಲ್ಲೇ ಇರಲಿಲ್ಲ, ಮದ್ರಾಸಿಗೆ ಸೇರಿತ್ತು. ಹಿಂಗಾಗಿ ಒಬ್ಬ ಹುಡುಗ ಈ ಸೀಮೆಯ ಬಗ್ಗೆ ಪಿಎಚ್‌ಡಿ ಮಾಡ್ತೀನಿ ಅಂತ ಹೊರಟ್ರೆ ಹಳೇ ಕಾಗದಕ್ಕೆ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ, ಬೆಂಗಳೂರಿನ ರಾಜ್ಯ ಪತ್ರಾಗಾರ, ಕೊನೆಗೆ ಚೆನ್ನೈ ಎಗ್ಮೋರ್‌ನ ಪತ್ರಾಗಾರದವರೆಗೂ ಅಲೀಬೇಕು. ಸರ್ಕಾರದ ಕಾಗದವಾದ್ರೂ ಎಲ್ಲೋ ಒಂದು ಕಡೆ ಇದೆ ಅನ್ನಿ, ಮನೆ ಕಾಗದಕ್ಕೆ, ಮಂಡಿ ಕಾಗದಕ್ಕೆ, ಸಂಘದ ಕಾಗದಕ್ಕೆ ಯಾವ ಪತ್ರಾಗಾರಾನೂ ಇಲ್ಲ. ಅದನ್ನ ಊರಿನ ಲೈಬ್ರರಿ ಮಾಡದೇ ಇದ್ರೆ ಯಾರೂ ಮಾಡಲ್ಲ.

ದುರ್ಗದ ವಿಷಯದಲ್ಲೂ ಬರೀ ಕಲ್ಲು ತಾನಾಗೇ ಮಾತಾಡಲಿಲ್ಲ ನೋಡ್ರಿ. ಹುಲ್ಲೂರು ಶ್ರೀನಿವಾಸ ಜೋಯಿಸರಂಥೋರು ಊರೂರು ತಿರುಗಿ ಶಾಸನ, ನಾಣ್ಯ, ಹಳೇ ಬರಹ ಹುಡುಕದೇ ಇದ್ದಿದ್ರೆ ಪಾಳೆಯಗಾರರ ಬಗ್ಗೆ ನಮಗೆ ಇಷ್ಟು ಗೊತ್ತಿರ್ತಿರಲಿಲ್ಲ. ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅಗೆಸಿದ್ರು, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ವೀಲರ್ ಬಂದು ಬ್ರಹ್ಮಗಿರಿ, ಚಂದ್ರವಳ್ಳಿ ಎರಡೂ ಕಡೆ ಅಗೆಸಿದ್ರು, ಅವರೆಲ್ಲ ದೊಡ್ಡ ಹೆಸರು, ಆದ್ರೆ ಇಲ್ಲೇ ಇದ್ದು ಇಲ್ಲಿಯವರ ಜೊತೆ ಮಾತಾಡಿ ಮನೆ ಮನೆ ಬಾಗಿಲು ತಟ್ಟಿದವರು ಸ್ಥಳೀಯರು. ಚಳ್ಳಕೆರೆ ಕಡೆ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರ್ತಿರಲಿಲ್ಲ, ಸಾವಿರಾರು ಹಾಡು ತಲೆಯಲ್ಲಿತ್ತು, ಕೂತು ಬರ್ಕೊಂಡವರು ಇದ್ದಿದ್ದಕ್ಕೆ ಅಷ್ಟಾದ್ರೂ ಉಳೀತು, ಆಮೇಲೆ ಹಂಪಿ ವಿವಿಯ ನಾಡೋಜ ಗೌರವಾನೂ ಬಂತು. ಪ್ರತಿ ಹಟ್ಟಿಯಲ್ಲೂ ಅಂಥಾ ಅಜ್ಜಿ ಇದ್ರು. ಎಷ್ಟು ಜನದ್ದು ಬರ್ಕೊಂಡ್ವಿ?

ಈಗ ಮನೆಯಲ್ಲಿ ಹಳೇದು ಇರೋರಿಗೆ ಕೆಲವು ಮಾತು, ದಯವಿಟ್ಟು ಗಮನ ಇಟ್ಟು ಓದ್ರಿ, ಯಾಕಂದ್ರೆ ಪ್ರೀತಿಯಿಂದ ಹಾಳು ಮಾಡೋದು ಜಾಸ್ತಿ ಆಗಿದೆ.

ಹರಿದಿರೋದಕ್ಕೆ ಸೆಲೋಟೇಪ್ ಹಚ್ಚಬ್ಯಾಡ್ರಿ. ಕೆಲವು ವರ್ಷಕ್ಕೆ ಟೇಪು ಒಣಗಿ ಉದುರುತ್ತೆ, ಅದರ ಗೋಂದು ಮಾತ್ರ ಕಾಗದಕ್ಕೆ ಇಳಿದು ಕಂದು ಪಟ್ಟಿ ಆಗುತ್ತೆ, ಅದನ್ನ ತೆಗೆಯೋಕೆ ಬಹಳ ಕಷ್ಟ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಬ್ಬರು ತಮ್ಮ ತಾತ 1942ರ ಚಳವಳಿಯಲ್ಲಿ ಜೈಲಲ್ಲಿದ್ದಾಗ ಬರೆದ ಕಾರ್ಡನ್ನ ಲ್ಯಾಮಿನೇಷನ್ ಮಾಡಿಸಿ ತಂದ್ರು, ಚೆನ್ನಾಗಿರಲಿ ಅಂತ. ಬಿಸಿಗೆ ಪ್ಲಾಸ್ಟಿಕ್ ಕಾಗದಕ್ಕೆ ಕರಗಿ ಕೂತ್ಕೊಂಡಿದೆ, ಇನ್ನು ಬಿಡಿಸೋಕಾಗಲ್ಲ, ಒಳಗೇ ಅದು ಹಳದಿ ಆಗ್ತಾ ಹೋಗುತ್ತೆ. ಆ ಚಳವಳಿಯಲ್ಲಿ ಈ ಊರಲ್ಲೇ ಗುಂಡು ಹಾರಿ ಜನ ಪ್ರಾಣ ಕೊಟ್ಟಿದ್ದಾರೆ, ಅದರ ಮೂರು ವರ್ಷ ಮುಂಚೆ 1939ರಲ್ಲಿ ತುರುವನೂರಿನಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿ ಜೈಲಿಗೆ ಹೋದವರು ಈ ಸೀಮೆಯವರೇ, ಅಂಥವರ ಕೈಬರಹ ಇರೋ ಕಾರ್ಡು ಎಷ್ಟು ಮನೆಯಲ್ಲಿ ಉಳಿದಿರಬಹುದು? ಇದ್ರೆ ಸುಮ್ನೆ ಒಂದು ಬಿಳೀ ಕಾಟನ್ ಬಟ್ಟೆಯಲ್ಲಿ ಸುತ್ತಿ ಇಡ್ರಿ ಸಾಕು. ಪಿನ್ನು, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತೆ, ಮೆಲ್ಲಗೆ ತೆಗೀರಿ. ಹಳೇ ನ್ಯೂಸ್‌ಪೇಪರ್ ಕಟಿಂಗ್ ಇದ್ರೆ ಬೇರೆ ಕಾಗದದ ಜೊತೆ ಒತ್ತಿ ಇಡಬ್ಯಾಡ್ರಿ, ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಆಮ್ಲ ಇರುತ್ತೆ, ತಾನೂ ಹಾಳಾಗಿ ಪಕ್ಕದ್ದಕ್ಕೂ ಕಲೆ ಹತ್ತಿಸುತ್ತೆ.

ಕಡತ ಇರೋ ಮನೆಯವರಿಗೆ ಇನ್ನೂ ಮುಖ್ಯ. ಈಗಿನವರಿಗೆ ಕಡತ ಅಂದ್ರೆ ಆಫೀಸ್ ಫೈಲು, ಹಳೇ ಕಡತ ಅಂದ್ರೆ ಬಟ್ಟೆಗೆ ಹುಣಸೇಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಹಲಗೆ ತರ ಮಾಡಿ ಬೀಸಣಿಗೆ ಹಂಗೆ ಮಡಚಿ ಇಟ್ಕೊಂಡು ಬಳಪದಲ್ಲಿ ಬರೀತಿದ್ದ ಪುಸ್ತಕ. ಶಾನುಭೋಗರ ಮನೆ, ಹಳೇ ಅಂಗಡಿ ಮನೆತನಗಳಲ್ಲಿ ಲೆಕ್ಕ ಇದರಲ್ಲೇ ಇರ್ತಿತ್ತು. ಬಳಪದ್ದು ಆಗಿರೋದ್ರಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಮುಗೀತು, ಅಕ್ಷರಾನೇ ಹೋಗುತ್ತೆ. ಜಗಳೂರು ಕಡೆಯಿಂದ ಒಂದು ಮನೆಯವರು ತಂದ ಕಡತ ನೋಡಿದೆ, ಧೂಳು ಇದೆ ಅಂತ ಮೊದಲ ಎರಡು ಮಡಿಕೆನ ಮನೆಯಲ್ಲಿ ಯಾರೋ ಶುದ್ಧವಾಗಿ ಒರೆಸಿದ್ರು, ಕರ್ರಗೆ ಹೊಳೀತಿತ್ತು, ಮೂರನೇ ಮಡಿಕೆಯಿಂದ ಮೋಡಿ ಅಕ್ಷರದಲ್ಲಿ, ಅಂದ್ರೆ ಹಿಂದಿನವರು ಬೇಗ ಬರೆಯೋಕೆ ಬಳಸ್ತಿದ್ದ ಕೂಡುಬರಹದಲ್ಲಿ, ಲೆಕ್ಕ ಶುರು. ಆ ಎರಡು ಮಡಿಕೆಯಲ್ಲಿ ಏನಿತ್ತೋ ಇನ್ನು ಯಾರಿಗೂ ಗೊತ್ತಾಗಲ್ಲ. ಹಂಗಾಗಿ ಧೂಳಿದ್ರೆ ಧೂಳೇ ಇರಲಿ, ಹಂಗೇ ತನ್ನಿ. ಮೋಡಿ ಓದೋಕೆ ಬರೋ ಹಿರಿಯರು ಯಾರಾದ್ರೂ ಇದ್ರೆ ಅವರಂತೂ ದಯವಿಟ್ಟು ಬರ್ಬೇಕು, ಕುರ್ಚಿ ಹಾಕಿ ಕಾಫಿ ಕೊಟ್ಟು ಕೂರಿಸ್ತೀವಿ.

ಶಾನುಭೋಗಿಕೆ ಅಂದ ಕೂಡ್ಲೇ ನೆನಪಾಯ್ತು. 1961ರ ಕಾಯ್ದೆಯಲ್ಲಿ ಗ್ರಾಮಾಧಿಕಾರ ಹೋದ ಮೇಲೆ ಎಷ್ಟೋ ಮನೆಯಲ್ಲಿ ದಫ್ತರದ ಗಂಟು ಹಂಗೇ ಉಳೀತು, ಸರ್ಕಾರಕ್ಕೆ ಒಪ್ಪಿಸಿದ್ದು ಒಪ್ಪಿಸಿದ್ರು, ಸ್ವಂತ ಟಿಪ್ಪಣಿ, ಕರಡು ನಕ್ಷೆ ಇಂಥವೆಲ್ಲ ಅಟ್ಟಕ್ಕೆ ಹೋದ್ವು. ಕೆರೆ ಎಲ್ಲಿತ್ತು, ಗೋಮಾಳ ಎಲ್ಲಿತ್ತು, ಯಾವ ಹಳ್ಳ ಯಾವ ಕಡೆ ಹರೀತಿತ್ತು ಅನ್ನೋದು ಆ ಕರಡಲ್ಲಿ ಇರುತ್ತೆ. ಇವತ್ತು ಕೆರೆ ಒತ್ತುವರಿ ಅಂತ ಗಲಾಟೆ ಮಾಡೋರಿಗೆ ಅದಕ್ಕಿಂತ ಉಪಯೋಗದ ಕಾಗದ ಬೇರೆ ಇಲ್ಲ.

ಕೆಲವರಿಗೆ ಹೆದರಿಕೆ ಇದೆ, ಅದು ನ್ಯಾಯವಾದದ್ದೇ. ದಲಾಲಿ ಅಂಗಡಿ ಖಾತೆ ಪುಸ್ತಕ ಕೊಟ್ರೆ ಯಾರ ತಾತ ಎಷ್ಟು ಸಾಲ ಮಾಡಿದ್ದ, ಯಾರ ಹೊಲ ಯಾರಿಗೆ ಅಡವಿತ್ತು ಎಲ್ಲಾ ಬಯಲಾಗುತ್ತೆ ಅಂತ. ಜಮೀನು ವ್ಯಾಜ್ಯಕ್ಕೆ ಯಾರಾದ್ರೂ ಉಪಯೋಗಿಸ್ಕೊಂಡ್ರೆ ಅಂತ. ಅದಕ್ಕೇ ಕೊಡೋರು ಷರತ್ತು ಹಾಕಬಹುದು, ಇಷ್ಟು ವರ್ಷ ತೆಗೆದು ತೋರಿಸಬ್ಯಾಡ್ರಿ ಅಂದ್ರೆ ಸೀಲ್ ಮಾಡಿ ಅದರ ಮೇಲೇ ಬರೆದಿಡ್ತೀವಿ. ಅಸಲು ಕೊಡೋಕೆ ಮನಸ್ಸಿಲ್ಲ ಅಂದ್ರೂ ಬೇಜಾರಿಲ್ಲ, ಸ್ಕ್ಯಾನ್ ಮಾಡ್ಕೊಂಡು ಅಲ್ಲೇ ನಿಮ್ಮ ಕೈಗೆ ವಾಪಸ್ ಕೊಡ್ತೀವಿ, ಸ್ಕ್ಯಾನಿನ ಸ್ಪಷ್ಟತೆ ಬರವಣಿಗೆಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ), ಫೋಟೋಗೆ 600, ಮೂರು ಕಾಪಿ ಮಾಡಿ ಮೂರು ಬೇರೆ ಜಾಗದಲ್ಲಿ ಇಡ್ತೀವಿ. ಪುಸ್ತಕ, ಕವಿತೆ, ನಾಟಕದ ಹಸ್ತಪ್ರತಿ ಆದ್ರೆ ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಮನೆಯವರದ್ದೇ ಇರುತ್ತೆ, ಅದನ್ನ ಅವರನ್ನ ಕೇಳದೆ ನೆಟ್‌ಗೆ ಹಾಕಲ್ಲ.

ಇನ್ನೊಂದು. ನಮ್ಮನೇಲೇನಿದೆ ಸಾರ್, ನಾವೇನು ದೊಡ್ಡ ಮನೆತನದವರಾ ಅಂತಾರೆ ಜನ. ನನಗೆ ಬಹಳ ನೋವಾಗೋ ಮಾತು ಇದು. ಮಂಡಕ್ಕಿ ಭಟ್ಟಿ ಏರಿಯಾದಲ್ಲಿ ತಲೆಮಾರಿನಿಂದ ಭಟ್ಟಿ ನಡೆಸಿದವರ ಮನೆಯ ಹಳೇ ಲೈಸೆನ್ಸು, ಉರ್ದುವಲ್ಲಿ ಬರೆದ ಕೂಲಿ ಲೆಕ್ಕ, ಬೀಡಿ ಕಟ್ಟಿದ ಹೆಂಗಸಿನ ಪಾಸ್‌ಬುಕ್ಕು, ಗೇಣಿದಾರ ಭೂಸುಧಾರಣೆ ಟೈಮಲ್ಲಿ ಹಾಕಿದ ಫಾರಂ ನಂಬರ್ 7ರ ಕಾಪಿ, ಅಕ್ಕನ ಮದುವೆಯಲ್ಲಿ ಸೋಬಾನೆ ಹಾಡೋಕೆ ಬರ್ಕೊಂಡ ಎರಡು ರೂಲಿನ ನೋಟ್‌ಬುಕ್ಕು, ಇವೆಲ್ಲ ಈ ಊರಿನ ಇತಿಹಾಸ. ಇವತ್ತಿನವರೆಗೂ ನಮ್ಮ ಬೀರುವಿನಲ್ಲಿ ಸೌಕಾರ್ರ ಮನೆ ಕಾಗದ ಜಾಸ್ತಿ, ಕೂಲಿಯವರದ್ದು ಕಮ್ಮಿ, ದಲಿತ ಕೇರಿಗಳದ್ದು ಇನ್ನೂ ಕಮ್ಮಿ. ಸೌಕಾರ್ರ ಮನೇಲಿ ಅಟ್ಟ ಇತ್ತು, ಇವರ ಮನೇಲಿ ಅಟ್ಟಾನೇ ಇರಲಿಲ್ಲ, ಕಾಗದ ಎಲ್ಲಿ ಇಡ್ತಾರೆ. ಹಂಗಾಗಿ ಅಲ್ಲಿಗೆ ನಾವೇ ಹೋಗಬೇಕು, ಕಾಗದ ಸಿಗದಿದ್ರೆ ಮಾತನ್ನಾದ್ರೂ ರೆಕಾರ್ಡ್ ಮಾಡಬೇಕು, ಹೇಳಿದವರ ಹೆಸರು, ಜಾಗ, ತಾರೀಖು, ಅವರ ಒಪ್ಪಿಗೆ ಸಮೇತ.

ದುಡ್ಡಿನ ವಿಷಯ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ನಾವು ಕಟ್ಟೋ ಮನೆ ಕಂದಾಯದ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಇರುತ್ತೆ, ನಿಮ್ಮ ರಸೀದಿ ತೆಗೆದು ನೋಡ್ರಿ, ಬೇರೆ ಸಾಲಲ್ಲೇ ಇರುತ್ತೆ. ದಾವಣಗೆರೆ 2007ರಿಂದ ಮಹಾನಗರ ಪಾಲಿಕೆ, ಮನೆಗಳು ಎಷ್ಟು ಹೆಚ್ಚಾಗಿವೆ ಅಂತ ಎಲ್ಲರಿಗೂ ಗೊತ್ತು, ಕರಾನೂ ಹಂಗೇ ಹೆಚ್ಚಾಗಿರುತ್ತೆ. ಆ ದುಡ್ಡಲ್ಲಿ ಹೊಸ ಪುಸ್ತಕ ತರ್ಲಿ, ಬೇಡ ಅನ್ನಲ್ಲ, ಆದ್ರೆ ಪ್ರತಿ ತಾಲ್ಲೂಕಿನ ಒಂದು ಲೈಬ್ರರಿಯಲ್ಲಾದ್ರೂ ಆ ಊರಿನ ಕಾಗದಕ್ಕೆ ಅಂತ ಒಂದು ಬೀರು, ಒಂದು ಸ್ಕ್ಯಾನರ್, ವಾರಕ್ಕೆರಡು ದಿನ ಕೂರೋ ಒಬ್ಬ ಮನುಷ್ಯ, ಇಷ್ಟು ಮಾಡೋಕೆ ಆಗಲ್ವಾ? ಹಳ್ಳಿಗಳಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿಗಳು ಈಗ ಅರಿವು ಕೇಂದ್ರ ಆಗಿವೆ, ಕಂಪ್ಯೂಟರ್ ಬಂದಿವೆ, ಮಕ್ಕಳು ಬರ್ತಿದ್ದಾರೆ. ಅಲ್ಲಿ ಮಕ್ಕಳಿಗೇ ಬೇಸಿಗೆ ರಜೆಯಲ್ಲಿ ಈ ಕೆಲಸ ಕೊಡಬಹುದು, ನಿಮ್ಮ ಅಜ್ಜ ಅಜ್ಜಿನ ಕೂರಿಸಿ ಮನೆಯಲ್ಲಿರೋ ಹಳೇ ಫೋಟೋದಲ್ಲಿ ಯಾರ್ಯಾರು ಅಂತ ಕೇಳಿ ಬರ್ಕೊಂಡು ಬಾ ಅಂತ. ಫೋಟೋ ಹಿಂದೆ ಬಾಲ್‌ಪೆನ್ನಲ್ಲಿ ಬರೀಬಾರ್ದು, ಒತ್ತಿದ್ದು ಮುಂದೆ ಮೂಡುತ್ತೆ, ಮೆತ್ತನೆ ಪೆನ್ಸಿಲ್ಲಲ್ಲಿ ಅಂಚಿಗೆ ಬರೀಬೇಕು, ಇಷ್ಟು ಹೇಳಿಕೊಟ್ರೆ ಸಾಕು, ಮಕ್ಕಳು ನಮಗಿಂತ ಚೆನ್ನಾಗಿ ಮಾಡ್ತಾರೆ.

ಕೊನೆಗೆ ನಿಮ್ಮ ಹತ್ರಾನೇ ಎರಡು ಕೇಳಿಕೆ ಇದೆ ಸಂಪಾದಕರೇ. ನಿಮ್ಮ ಆಫೀಸಲ್ಲಿ ಹಳೇ ಸಂಚಿಕೆಗಳನ್ನ ಬೈಂಡ್ ಮಾಡಿಸಿ ಇಟ್ಟಿರ್ತೀರಿ, ಊರಿನ ದಿನದಿನದ ಕಥೆ ಅದರಲ್ಲಿರೋವಷ್ಟು ಬೇರೆಲ್ಲೂ ಇಲ್ಲ, ನ್ಯೂಸ್‌ಪ್ರಿಂಟ್ ಪುಡಿ ಆಗೋದ್ರೊಳಗೆ ಅದನ್ನ ಸ್ಕ್ಯಾನ್ ಮಾಡೋಕೆ ಒಪ್ಪಿಗೆ ಕೊಡ್ರಿ, ಬಂದು ಕೂತು ಮಾಡೋಕೆ ಹುಡುಗ ಹುಡುಗಿಯರು ರೆಡಿ ಇದ್ದಾರೆ. ಇನ್ನೊಂದು, ವಾರಕ್ಕೆ ಒಂದು ದಿನ ನಿಮ್ಮ ಪೇಪರ್‌ನಲ್ಲಿ ಒಂದು ಹಳೇ ಫೋಟೋಗೆ ಜಾಗ ಕೊಡ್ರಿ, ‘ಇವರು ಯಾರು, ನಿಮಗೆ ಗೊತ್ತಾ’ ಅಂತ. ಅಜ್ಜಿ ಅರ್ಧ ಗುರುತಿಸಿದ ಆ ಮಿಲ್ ಗೇಟಿನ ಫೋಟೋನೇ ಮೊದಲು ಹಾಕೋಣ, ಗೊತ್ತಾಗದ ತಲೆಗಳಿಗೆ ನಂಬರ್ ಹಾಕಿ ಕೊಡ್ತೀವಿ. ಬಂದ ಉತ್ತರಾನೆಲ್ಲ ಯಾರು ಹೇಳಿದ್ರು ಅನ್ನೋದರ ಸಮೇತ ರಿಜಿಸ್ಟರ್‌ಗೆ ಏರಿಸೋ ಕೆಲಸ ನಮ್ದು. ಕಣ್ಣು ಕಾಣೋ ಹಿರಿಯರು ದಿನಾ ಬೆಳಗ್ಗೆ ನಿಮ್ಮ ಪೇಪರ್ ಓದ್ತಾರೆ, ನಮ್ಮ ವಾಚನಾಲಯದವರೆಗೆ ಎಲ್ಲರೂ ಬರೋಕಾಗಲ್ಲ. ಯಾವ ವಾರದಿಂದ ಶುರು ಮಾಡಬಹುದು ಅಂತ ತಿಳಿಸಿದ್ರೆ ಸ್ಕ್ಯಾನ್ ಮಾಡಿದ ಫೋಟೋ ಅವತ್ತೇ ಕಳಿಸ್ತೀನಿ.

ಇಂತಿ ನಿಮ್ಮ ಓದುಗ,
ದಾವಣಗೆರೆ